ಬೆಟ್ಟದ ನಾಡಿನ ಆರೋಗ್ಯ ಸೇವಕಿಯರು

ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಲೆಸೊಥೊ ಎಂಬ ಪುಟ್ಟ ದೇಶವಿದೆ. ದಕ್ಷಿಣ ಆಫ್ರಿಕಾ ದೇಶವು ಅದನ್ನು ಎಲ್ಲ ದಿಕ್ಕುಗಳಿಂದಲೂ ಸುತ್ತುವರಿದಿದೆ. ಇಡೀ ನಾಡು ಸಮುದ್ರಮಟ್ಟದಿಂದ 1,000 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಚಳಿಗಾಲದಲ್ಲಿ ಬೆಟ್ಟಗಳ ಮೇಲೆ ಹಿಮ ಬೀಳುತ್ತದೆ. ಒಳನಾಡಿನ ಎಷ್ಟೋ ಹಳ್ಳಿಗಳಿಗೆ ಕಾಲ್ನಡಿಗೆಯಲ್ಲಿಯೋ ಕುದುರೆಯ ಮೇಲೆಯೋ ಹೋಗಬೇಕು.

ಈ ನಾಡನ್ನು ಎರಡು ರೋಗಗಳು ಒಟ್ಟಿಗೆ ಕಾಡಿದವು. ಒಂದು, ಪುರಾತನವಾದ ಕ್ಷಯ. ಇನ್ನೊಂದು, 1983ರಲ್ಲಿ ವಿಜ್ಞಾನಿಗಳು ಗುರುತಿಸಿದ ಎಚ್.ಐ.ವಿ. ವೈರಾಣುವಿನ ಸೋಂಕು. ಹೊಟ್ಟೆಪಾಡಿಗಾಗಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಹೋದ ಗಂಡಸರಲ್ಲಿ ಹಲವರು ಧೂಳಿನಿಂದ ಶ್ವಾಸಕೋಶ ಕೆಟ್ಟು, ಕ್ಷಯಕ್ಕೆ ತುತ್ತಾಗಿ ಊರಿಗೆ ಮರಳಿದರು. ಎಚ್.ಐ.ವಿ. ದೇಹದ ರೋಗನಿರೋಧಕ ಶಕ್ತಿಯನ್ನು ಕುಂದಿಸುತ್ತದೆ. ಆಗ ದೇಹದಲ್ಲಿ ಅಡಗಿದ್ದ ಕ್ಷಯದ ರೋಗಾಣುಗಳು ಸುಲಭವಾಗಿ ತಲೆಯೆತ್ತುತ್ತವೆ.

ಎರಡು ರೋಗಗಳಿಗೂ ಔಷಧಿಯುಂಟು. ಕ್ಷಯದ ಔಷಧಿಯನ್ನು ಸಾಮಾನ್ಯವಾಗಿ ಆರು ತಿಂಗಳು ಸೇವಿಸಿದರೆ ರೋಗ ಗುಣವಾಗುತ್ತದೆ. ಎಚ್.ಐ.ವಿ.ಯನ್ನು ಹತೋಟಿಯಲ್ಲಿಡಲು ಜೀವನಪರ್ಯಂತ ಔಷಧಿ ಬೇಕು. ಆದರೆ ಒಂದೆರಡು ತಿಂಗಳಲ್ಲಿ ಕೆಮ್ಮು ಅಡಗಿ ಮೈಗೆ ಬಲ ಬಂದೊಡನೆ, ತನಗೆ ಗುಣವಾಯಿತೆಂದು ರೋಗಿಯು ಭಾವಿಸುವುದುಂಟು. ಹಾಗೆ ನಡುವೆ ಮಾತ್ರೆ ಬಿಟ್ಟರೆ, ಉಳಿದ ರೋಗಾಣುಗಳು ಔಷಧಿಗೆ ಜಗ್ಗದಂತೆ ಬಲಿಯಬಹುದು. ಅಂಥ ಕ್ಷಯ ಮನೆಮಂದಿಗೂ ಹರಡಬಹುದು.

ವೈದ್ಯರಿರುವ ಸ್ಥಳ ದೂರ. ರೋಗಿಯ ಮನೆ ಬೆಟ್ಟದಾಚೆ. ಪ್ರತಿದಿನ ಅವನ ಯೋಗಕ್ಷೇಮ ನೋಡುವವರಾರು? 2006ರಲ್ಲಿ ಪಾರ್ಟ್‌ನರ್ಸ್ ಇನ್ ಹೆಲ್ತ್ ಎಂಬ ಸಂಸ್ಥೆಯು ಲೆಸೊಥೊ ಸರ್ಕಾರದೊಡನೆ ಸೇರಿ ಬೆಟ್ಟಪ್ರದೇಶದಲ್ಲಿ ಕೆಲಸವನ್ನು ಆರಂಭಿಸಿತು. ಹಳ್ಳಿಯವರಿಗೇ ತರಬೇತಿ ಕೊಟ್ಟು, ಅವರ ಶ್ರಮಕ್ಕೆ ಸಂಭಾವನೆಯನ್ನೂ ನೀಡಿತು. ಹೀಗೆ ಸಿದ್ಧರಾದ ಗ್ರಾಮ ಆರೋಗ್ಯ ಕಾರ್ಯಕರ್ತರಲ್ಲಿ ಹೆಚ್ಚಿನವರು ಮಹಿಳೆಯರು.

ಆರೋಗ್ಯ ಸೇವಕಿಯು ರೋಗಿಯ ಮನೆಗೆ ಹೋಗಿ, ಅವನು ಮಾತ್ರೆ ನುಂಗುವುದನ್ನು ಕಣ್ಣಾರೆ ನೋಡುತ್ತಾಳೆ. ವಾಕರಿಕೆಯೋ ಕಾಮಾಲೆಯೋ ಕಂಡರೆ ಚಿಕಿತ್ಸಾಲಯಕ್ಕೆ ತಿಳಿಸುತ್ತಾಳೆ. ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಹುದಿನ ನಿಲ್ಲದಿದ್ದರೆ ಕಫದ ಪರೀಕ್ಷೆಗೆ ಕರೆದೊಯ್ಯುತ್ತಾಳೆ. ಒಲೆ ಉರಿಯದ ಮನೆಯಲ್ಲಿ ಮಾತ್ರೆಯೊಂದೇ ಸಾಲದೆಂಬುದನ್ನೂ ಅವಳು ಬಲ್ಲಳು. ನೆರೆಯವರ ನಿಂದೆಗೆ ಅಂಜಿ ರೋಗವನ್ನು ಮರೆಮಾಚುವವನು ಅವಳೊಡನೆ ಮನಬಿಚ್ಚಿ ಮಾತನಾಡುತ್ತಾನೆ. ಏಕೆಂದರೆ ಅವಳು ಅದೇ ಊರಿನವಳು, ಕೇಳಿದ ಗುಟ್ಟನ್ನು ಕಾಯುವವಳು.

ಔಷಧಿಯನ್ನು ಕಂಡುಹಿಡಿಯಲು ಮಹಾ ವಿಜ್ಞಾನಿಗಳು ಬೇಕಾದರು. ಆದರೆ ಕೊನೆಯ ಮಾತ್ರೆಯವರೆಗೂ ರೋಗಿಯು ಕೈಬಿಡದಂತೆ ನೋಡಿಕೊಳ್ಳಲು ಬೆಟ್ಟ ಹತ್ತಿ ಬರುವ ನೆರೆಯವಳೊಬ್ಬಳು ಬೇಕು.