ಹಳೆಯ ನೋಟು: ಸಹಿ ನೋಡಿ, ಆಮೇಲೆ ಬೆಲೆ ಕೇಳಿ

ರಾಜಾಜಿನಗರ, ವಿಜಯನಗರದ ಹಳೆಯ ಮನೆಗಳಲ್ಲಿ ಬೀರು ಖಾಲಿ ಮಾಡುವಾಗ ಸೀರೆಯ ಮಡಿಕೆಯಲ್ಲೋ ಲೆಕ್ಕದ ಪುಸ್ತಕದ ನಡುವೆಯೋ ಹಳೆಯ ನೋಟುಗಳು ಸಿಗುವುದುಂಟು. ನಾನು ನೋಟು ಸಂಗ್ರಹಿಸುವುದು ಗೊತ್ತಿರುವ ನೆಂಟರು, ನೆರೆಯವರು ಅವನ್ನು ತಂದು, ‘ಇದಕ್ಕೆಷ್ಟು ಸಿಗಬಹುದು?’ ಎಂದು ಕೇಳುತ್ತಾರೆ. ನಾನು ಮೊದಲು ನೋಡುವುದು ಸಹಿಯನ್ನು.

ಒಂದು ರೂಪಾಯಿ ನೋಟು ಕೇಂದ್ರ ಸರ್ಕಾರದ್ದು, ಅದರ ಮೇಲಿರುವುದು ಹಣಕಾಸು ಸಚಿವಾಲಯದ ಕಾರ್ಯದರ್ಶಿಯ ಸಹಿ. ಉಳಿದವು ರಿಸರ್ವ್ ಬ್ಯಾಂಕಿನವು, ಅವಕ್ಕೆ ಗವರ್ನರ್ ಸಹಿ. ಮನಮೋಹನ್ ಸಿಂಗ್, ಶಕ್ತಿಕಾಂತ ದಾಸ್ ಎರಡೂ ಹುದ್ದೆಗಳಲ್ಲಿದ್ದವರು, ಹಾಗಾಗಿ ಅವರ ಸಹಿ ಎರಡೂ ಬಗೆಯ ನೋಟುಗಳಲ್ಲಿ ಸಿಗುತ್ತದೆ. ಅಮಿತಾವ್ ಘೋಷ್ 1985ರಲ್ಲಿ ಗವರ್ನರ್ ಆಗಿದ್ದದ್ದು ಬರೀ 20 ದಿನ. ಅವರ ಸಹಿಯ ಹತ್ತು ರೂಪಾಯಿ ನೋಟನ್ನು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ.

ಸಹಿಯೊಂದೇ ಸಾಲದು. ಒಬ್ಬರದೇ ಸಹಿಯಲ್ಲೂ ಹಲವು ಬಗೆಗಳಿವೆ. ಡಿ. ಸುಬ್ಬರಾವ್ ಅವರ ಕಾಲದಲ್ಲಿ ₹ ಚಿಹ್ನೆ ಬಂತು. ಅವರ ಸಹಿಯ ನೋಟುಗಳಲ್ಲಿ ಚಿಹ್ನೆ ಇರುವವು, ಇಲ್ಲದವು ಎರಡೂ ಇವೆ. ನಂಬರಿನ ಹಿಂದೆ ಮಸುಕಾಗಿ ಕಾಣುವ ಇಂಗ್ಲಿಷ್ ಅಕ್ಷರಕ್ಕೆ ಇನ್‌ಸೆಟ್ ಎನ್ನುತ್ತೇವೆ. ಅಕ್ಷರ ಬದಲಾದರೆ ಬಗೆಯೂ ಬೇರೆ. 2005ರಿಂದೀಚೆಗೆ ನೋಟಿನ ಹಿಂಬದಿಯಲ್ಲಿ ಮುದ್ರಣದ ವರ್ಷವಿದೆ. 2006ರಲ್ಲಿ ಸ್ಟಾರ್ ನೋಟು ಬಂತು. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಕಟ್ಟಿಗೆ ಸೇರಿಸುವ ಈ ನೋಟಿನ ನಂಬರಿನಲ್ಲಿ ನಕ್ಷತ್ರವಿರುತ್ತದೆ. ಅದು ಖೋಟಾ ಅಲ್ಲ, ಹೆದರಬೇಕಿಲ್ಲ.

ಇಷ್ಟೆಲ್ಲ ಕೂಡಿಬಂದರೂ ಬೆಲೆಯನ್ನು ಕೊನೆಗೆ ತೀರ್ಮಾನಿಸುವುದು ನೋಟಿನ ಸ್ಥಿತಿ. ಮಡಿಕೆಯಿಲ್ಲದ ಗರಿಗರಿ ನೋಟಿಗೂ ಕೈಯಿಂದ ಕೈಗೆ ಓಡಾಡಿ ಮೆತ್ತಗಾದ ನೋಟಿಗೂ ಬೆಲೆಯಲ್ಲಿ ಅಜಗಜಾಂತರ. ಇಸ್ತ್ರಿ ಮಾಡುವುದು, ಟೇಪ್ ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು ಇವೆಲ್ಲ ಇರುವ ಬೆಲೆಯನ್ನೂ ಕಳೆಯುತ್ತವೆ. ಮಾರುವವರು ಹೇಳುವ ಬೆಲೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಂಥದೇ ನೋಟು ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬುದನ್ನಷ್ಟೇ ನಂಬುತ್ತೇನೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬಸವೇಶ್ವರನಗರದ ನಮ್ಮ ಚಿಕ್ಕಮ್ಮನ ಬಳಿ ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿತ್ತು. ಯಾರೋ ಫೋನ್ ಮಾಡಿ, ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ ಎಂದಿದ್ದರು. ‘ಕಟ್ಟಿಬಿಡ್ಲೇನೋ?’ ಎಂದು ಅವರು ನನ್ನನ್ನು ಕೇಳಿದರು. ‘ಒಂದು ಪೈಸೆಯನ್ನೂ ಕಟ್ಟಬೇಡಿ ಚಿಕ್ಕಮ್ಮ’ ಎಂದೆ. ಆ ಬಗೆಯ ನೋಟುಗಳು ರಾಶಿ ರಾಶಿ ಅಚ್ಚಾಗಿವೆ. ತನ್ನ ಹೆಸರು ಹೇಳಿಕೊಂಡು ಹಳೆಯ ನೋಟು, ನಾಣ್ಯದ ವ್ಯವಹಾರಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಕೊಳ್ಳುವವರು ನಮಗೆ ಹಣ ಕೊಡಬೇಕು, ನಮ್ಮಿಂದ ಕೇಳಬಾರದು.

ಕಾನೂನೂ ಒಂದಿದೆ. 2016ರಲ್ಲಿ ರದ್ದಾದ 500, 1000 ರೂಪಾಯಿ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ, ಸಂಗ್ರಹಕ್ಕಾದರೆ 25ರವರೆಗೆ ಅವಕಾಶ. ಮೀರಿದರೆ ಹತ್ತು ಸಾವಿರ ರೂಪಾಯಿ ಅಥವಾ ನೋಟುಗಳ ಮುಖಬೆಲೆಯ ಐದು ಪಟ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ ದಂಡ.

ನನ್ನ ಮಟ್ಟಿಗೆ ಇದು ಹೂಡಿಕೆಯಲ್ಲ. ನೋಟಿಗೆ ಬಡ್ಡಿ ಹುಟ್ಟುವುದಿಲ್ಲ, ಬೇಕೆಂದ ದಿನ ಕೊಳ್ಳುವವರೂ ಸಿಗುವುದಿಲ್ಲ. ಆಪತ್ತಿನ ಹಣ, ವಿಮೆ, ಮಕ್ಕಳ ಓದು ಎಲ್ಲದಕ್ಕೂ ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಮಾತ್ರ ಕೊಳ್ಳುತ್ತೇನೆ. ಪ್ರತಿ ನೋಟಿನ ಸಹಿ, ಇನ್‌ಸೆಟ್, ವರ್ಷ, ಕೊಟ್ಟ ಬೆಲೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮನೆಯಲ್ಲಿ ಹಳೆಯ ನೋಟಿದ್ದರೆ ನೀವೂ ಹಾಗೆ ಬರೆದಿಡಿ. ನಾಳೆ ಮಕ್ಕಳು ಅವನ್ನು ಮಾರಲು ಹೊರಟಾಗ ಬಾಯಿಮಾತಿನ ಬೆಲೆಗೆ ಮೋಸಹೋಗುವುದಿಲ್ಲ.