ಹಳೆಯ ಹೈಬ್ರಿಡ್ ಎಸ್‌ಯುವಿ: ದೋಷ ಹುಡುಕುವ ಕ್ರಮ, ಬಿಡಿಭಾಗ ದೊರಕಿಸುವ ದಾರಿ

ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್ ಎರಡನ್ನೂ ಒಂದೇ ಚಾಲನಾ ವ್ಯವಸ್ಥೆಯಲ್ಲಿ ಹೊಂದಿರುವ ಹೈಬ್ರಿಡ್ ಎಸ್‌ಯುವಿ ಏಳೆಂಟು ವರ್ಷ ದಾಟಿದ ಮೇಲೆ ಕೆಟ್ಟು ನಿಂತರೆ, ಮಾಲೀಕರ ಮನಸ್ಸಿಗೂ ಗ್ಯಾರೇಜಿನವರ ಬಾಯಿಗೂ ಮೊದಲು ಬರುವ ಮಾತು ‘ಬ್ಯಾಟರಿ ಹೋಗಿದೆ’ ಎಂಬುದೇ ಆಗಿರುತ್ತದೆ. ಈ ಅವಸರದ ತೀರ್ಮಾನದಿಂದಲೇ ಲಕ್ಷಗಟ್ಟಲೆ ರೂಪಾಯಿಯ ಬ್ಯಾಟರಿ ಬದಲಾಗಿ, ಮೂಲದೋಷ ಮಾತ್ರ ಇದ್ದಲ್ಲೇ ಉಳಿಯುವ ಸಂಭವವಿರುತ್ತದೆ. ಅಗ್ಗದ ಮತ್ತು ಸುಲಭದ ತಪಾಸಣೆಯನ್ನು ಮೊದಲು ಮುಗಿಸಿ, ದುಬಾರಿಯದನ್ನು ಕೊನೆಗಿಟ್ಟುಕೊಂಡು, ದೋಷ ಖಚಿತವಾಗುವವರೆಗೆ ಯಾವ ಬಿಡಿಭಾಗಕ್ಕೂ ಮುಂಗಡ ಕೊಡದಿರುವುದು ಇಂಥ ವಾಹನವನ್ನು ಉಳಿಸಿಕೊಳ್ಳುವ ಸರಿಯಾದ ಕ್ರಮ.

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗದ ಮಾಲೀಕರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದರೆ ಸಿಗುವ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಕಾರು ಜೋಡಣೆಯಾಗಿದ್ದು, 2022ರಿಂದ ಅರ್ಬನ್ ಕ್ರೂಸರ್ ಹೈರೈಡರ್, ಅದರ ಜೊತೆಹುಟ್ಟಿನಂತಿರುವ ಮಾರುತಿ ಗ್ರ್ಯಾಂಡ್ ವಿಟಾರ ಮತ್ತು ಇನ್ನೋವಾ ಹೈಕ್ರಾಸ್ ಕೂಡ ಅಲ್ಲಿಂದಲೇ ಹೊರಬರುತ್ತಿವೆ. ಹೈರೈಡರ್ ಮತ್ತು ಹೈಕ್ರಾಸ್‌ಗಳ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುವುದರಿಂದ ಅವುಗಳ ಮಾಲೀಕರು ಸದ್ಯಕ್ಕೆ ನಿಶ್ಚಿಂತರು. ಲೆಕ್ಸಸ್ 2017ರಲ್ಲಿ ಭಾರತಕ್ಕೆ ಕಾಲಿಟ್ಟಾಗ ತಂದ ಆರ್‌ಎಕ್ಸ್ 450ಎಚ್, ಅದರ ಬೆನ್ನಿಗೇ ಬಂದ ಎನ್‌ಎಕ್ಸ್ 300ಎಚ್ ಮುಂತಾದ ಆಮದು ವಾಹನಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡವರಿಗೇ ಈ ಲೇಖನದ ಅಗತ್ಯ ಹೆಚ್ಚು.

ವಾಹನ ಯಾವ ಬಗೆಯ ಹೈಬ್ರಿಡ್ ಎಂಬುದನ್ನು ಮೊದಲೇ ತಿಳಿದುಕೊಂಡಿರಬೇಕು. 2016ರಲ್ಲಿ ಬಂದ ಸ್ಕಾರ್ಪಿಯೊ ಇಂಟೆಲಿ ಹೈಬ್ರಿಡ್‌ನಂಥವು ‘ಮೈಲ್ಡ್ ಹೈಬ್ರಿಡ್’ಗಳು; ಅವುಗಳಲ್ಲಿ ಮೋಟಾರ್ ಎಂಜಿನ್ನಿಗೆ ಸಣ್ಣ ನೆರವು ಕೊಡುತ್ತದೆಯೇ ಹೊರತು ತಾನೊಂದೇ ಗಾಡಿಯನ್ನು ಎಳೆಯುವುದಿಲ್ಲ, ಆದ್ದರಿಂದ ಅವುಗಳ ರಿಪೇರಿ ಬಹುಮಟ್ಟಿಗೆ ಸಾಮಾನ್ಯ ಗಾಡಿಯ ರಿಪೇರಿಯೇ. ಮೋಟಾರಿನಿಂದಲೇ ಚಲಿಸಬಲ್ಲ ‘ಸ್ಟ್ರಾಂಗ್ ಹೈಬ್ರಿಡ್’ಗಳಲ್ಲಿ ಮಾತ್ರ ನೂರಾರು ವೋಲ್ಟಿನ ಬ್ಯಾಟರಿ, ಆ ಬ್ಯಾಟರಿಯ ನೇರ ವಿದ್ಯುತ್ತನ್ನು ಮೋಟಾರಿಗೆ ಬೇಕಾದ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವ ಇನ್ವರ್ಟರ್, ಇವೆರಡನ್ನೂ ತಂಪಾಗಿಡುವ ಪ್ರತ್ಯೇಕ ಏರ್ಪಾಡು ಇರುತ್ತವೆ. ಮುಂದಿನ ವಿವರಣೆ ಈ ಎರಡನೆಯ ಬಗೆಗೆ ಸಂಬಂಧಿಸಿದ್ದು.

ಮೊದಲು ಸಣ್ಣ ಬ್ಯಾಟರಿ

ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಸಾಮಾನ್ಯ ಬ್ಯಾಟರಿಯೂ ಇದ್ದು, ಗಾಡಿಯ ಕಂಪ್ಯೂಟರುಗಳನ್ನು ಎಚ್ಚರಗೊಳಿಸಿ ದೊಡ್ಡ ಬ್ಯಾಟರಿಯ ಸಂಪರ್ಕವನ್ನು ಕೂಡಿಸುವ ರಿಲೇಗಳಿಗೆ ಆಜ್ಞೆ ಕೊಡುವ ಕೆಲಸ ಅದರದು. ಅದು ಸೋತರೆ ಡ್ಯಾಶ್‌ಬೋರ್ಡಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಎಚ್ಚರಿಕೆ ದೀಪಗಳು ಒಟ್ಟಿಗೆ ಹತ್ತಿಕೊಂಡು, ಗಾಡಿ ‘ರೆಡಿ’ ಸ್ಥಿತಿಗೆ ಬರದೆ, ನೋಡುವವರಿಗೆ ಇಡೀ ಹೈಬ್ರಿಡ್ ವ್ಯವಸ್ಥೆಯೇ ಕುಸಿದಂತೆ ತೋರುತ್ತದೆ. ಪಶ್ಚಿಮ ಬೆಂಗಳೂರಿನಲ್ಲಿ ಇದಕ್ಕೆ ಒಂದು ಸ್ಥಳೀಯ ಕಾರಣವೂ ಉಂಟು: ನೇರಳೆ ಮಾರ್ಗದ ಮೆಟ್ರೊ 2021ರಲ್ಲಿ ಕೆಂಗೇರಿಯವರೆಗೆ ವಿಸ್ತರಿಸಿದ ಮೇಲೆ, ಕಚೇರಿಗೆ ರೈಲಿನಲ್ಲಿ ಹೋಗಿಬರುವ ಮನೆಗಳಲ್ಲಿ ಗಾಡಿ ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ, ಆ ಅವಧಿಯಲ್ಲಿ ಕಳ್ಳರ ಎಚ್ಚರಿಕೆ ಗಂಟೆ ಮತ್ತು ಸ್ಮಾರ್ಟ್ ಕೀ ವ್ಯವಸ್ಥೆಗಳು ಸಣ್ಣ ಬ್ಯಾಟರಿಯನ್ನು ಮೆಲ್ಲಗೆ ಹೀರುತ್ತಲೇ ಇರುತ್ತವೆ.

ತಪಾಸಣೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಿದರೆ ಅದು ತುಂಬಿದೆ ಎಂದೂ, 12.2ಕ್ಕಿಂತ ಕೆಳಗಿದ್ದರೆ ಸೋತಿದೆ ಎಂದೂ ತಿಳಿಯಬಹುದು. ಗಾಡಿ ‘ರೆಡಿ’ ಆದ ಮೇಲೆ ಅಳತೆ 13.5ರಿಂದ 14.5 ವೋಲ್ಟಿನ ನಡುವೆ ಏರದಿದ್ದರೆ ದೊಡ್ಡ ಬ್ಯಾಟರಿಯಿಂದ ಸಣ್ಣದಕ್ಕೆ ಚಾರ್ಜ್ ಕೊಡುವ ಪರಿವರ್ತಕವನ್ನು ಸಂಶಯಿಸಬೇಕು. ಬದಲಿಸುವಾಗ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಕೆಲವು ಮಾದರಿಗಳಲ್ಲಿ ಈ ಬ್ಯಾಟರಿ ಬಾನೆಟ್ಟಿನ ಕೆಳಗಿರದೆ ಹಿಂದಿನ ಸಾಮಾನು ಜಾಗದಲ್ಲಿರುತ್ತದೆ. ಅಲ್ಲಿ ಹುಟ್ಟುವ ಅನಿಲ ಹೊರಗೆ ಹೋಗಲು ಸಣ್ಣ ಕೊಳವೆಯಿರುವ, ಎಜಿಎಂ ಎಂಬ ಮುಚ್ಚಿದ ಬಗೆಯ ಬ್ಯಾಟರಿಯನ್ನೇ ಕೂರಿಸಬೇಕೇ ಹೊರತು ಅಳತೆ ಹೊಂದುತ್ತದೆಂದು ನೀರು ಹಾಕುವ ಬ್ಯಾಟರಿಯನ್ನು ಇಡಬಾರದು.

ಕೋಡ್ ಓದಬೇಕು, ಅಳಿಸಬಾರದು

ಸಣ್ಣ ಬ್ಯಾಟರಿ ಸರಿಯಿದ್ದೂ ಎಚ್ಚರಿಕೆ ಉಳಿದರೆ, ಸ್ಟಿಯರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಚ್ಚಿ ದೋಷ ಸಂಕೇತವನ್ನು, ಅಂದರೆ ಕೋಡನ್ನು ಓದಿಸಬೇಕು. ಅಗ್ಗದ ಸ್ಕ್ಯಾನರುಗಳು ಎಂಜಿನ್ನಿನ ಕೋಡನ್ನಷ್ಟೇ ಓದಿ ಹೈಬ್ರಿಡ್ ಮತ್ತು ಬ್ರೇಕ್ ಘಟಕಗಳನ್ನು ಬಿಟ್ಟುಬಿಡುವುದರಿಂದ, ಈ ಎರಡನ್ನೂ ಓದಬಲ್ಲ ಉಪಕರಣ ಇದೆಯೇ ಎಂದು ಗ್ಯಾರೇಜಿನಲ್ಲಿ ಮೊದಲೇ ವಿಚಾರಿಸಬೇಕು. ಕೋಡಿನೊಂದಿಗೆ ‘ಫ್ರೀಜ್ ಫ್ರೇಮ್’ ಎಂಬ ದಾಖಲೆಯೂ ಇದ್ದು, ದೋಷ ಕಂಡ ಕ್ಷಣದ ವೇಗ, ಉಷ್ಣತೆ, ವೋಲ್ಟೇಜುಗಳು ಅದರಲ್ಲಿ ಉಳಿದಿರುತ್ತವೆ. ದೀಪ ಆರಿಸುವ ಆತುರದಲ್ಲಿ ಮೆಕ್ಯಾನಿಕ್ ಕೋಡ್ ಅಳಿಸಿದರೆ ಈ ಸಾಕ್ಷ್ಯವೂ ಅಳಿದುಹೋಗುವುದರಿಂದ, ಅಳಿಸುವ ಮೊದಲು ಪರದೆಯ ಫೋಟೊ ತೆಗೆದುಕೊಳ್ಳುವುದು ಕಡ್ಡಾಯವೆಂದೇ ಭಾವಿಸಬೇಕು.

ಟೊಯೋಟ, ಲೆಕ್ಸಸ್ ಹೈಬ್ರಿಡ್‌ಗಳಲ್ಲಿ ಹೆಚ್ಚಾಗಿ ಎದುರಾಗುವ ಮೂರು ಕೋಡುಗಳನ್ನು ಮಾಲೀಕರು ಗುರುತಿಟ್ಟುಕೊಂಡರೆ ಒಳ್ಳೆಯದು. ಪಿ0ಎ80 ಎಂಬುದು ದೊಡ್ಡ ಬ್ಯಾಟರಿಯ ಕೋಶಗಳ ನಡುವೆ ಏರುಪೇರು ಕಂಡಿದೆ ಎನ್ನುತ್ತದೆ; ಪಿ0ಎ93 ಇನ್ವರ್ಟರ್ ತಂಪಾಗುತ್ತಿಲ್ಲ ಎನ್ನುತ್ತದೆ; ಪಿ0ಎಎ6 ಅಧಿಕ ವೋಲ್ಟೇಜಿನ ವಿದ್ಯುತ್ತು ಗಾಡಿಯ ಲೋಹದ ಮೈಗೆ ಸೋರುತ್ತಿದೆ ಎನ್ನುತ್ತದೆ. ಮೂರನೆಯದು ಕಂಡಾಗ ಗಾಡಿಯನ್ನು ಓಡಿಸದೆ ಲಾರಿಯ ಮೇಲೆಯೇ ಸಾಗಿಸಬೇಕು. ಹಿಂಬದಿ ಚಕ್ರಗಳಿಗೂ ಪ್ರತ್ಯೇಕ ಮೋಟಾರಿರುವ ಮಾದರಿಗಳನ್ನಂತೂ ಯಾವ ಕಾರಣಕ್ಕೂ ಚಕ್ರ ನೆಲದಲ್ಲಿ ಉರುಳುವಂತೆ ಎಳೆದೊಯ್ಯಕೂಡದು, ಏಕೆಂದರೆ ಉರುಳುವ ಚಕ್ರ ಮೋಟಾರನ್ನು ತಿರುಗಿಸಿ ವಿದ್ಯುತ್ ಉತ್ಪಾದಿಸುತ್ತದೆ.

ಗಾಳಿ, ನೀರು, ಇಲಿ

ದೊಡ್ಡ ಬ್ಯಾಟರಿ ಬಿಸಿಯಾಗಿ ಬೇಗ ಮುಪ್ಪಾಗಲು ಮುಖ್ಯ ಕಾರಣ ಗಾಳಿಯ ಕೊರತೆ. ಟೊಯೋಟ ಬಗೆಯ ಹೈಬ್ರಿಡ್‌ಗಳಲ್ಲಿ ಬ್ಯಾಟರಿಯ ಫ್ಯಾನು ಹಿಂದಿನ ಸೀಟಿನ ಬಳಿಯ ಜಾಲರಿಯಿಂದ ಕ್ಯಾಬಿನ್ನಿನ ತಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಜಾಲರಿಗೆ ಅಡ್ಡವಾಗಿ ಚೀಲ ಇಟ್ಟಿದ್ದರೆ, ಸೀಟ್ ಕವರ್ ಅದನ್ನು ಮುಚ್ಚಿದ್ದರೆ, ಮಾಗಡಿ ರಸ್ತೆ, ಮೈಸೂರು ರಸ್ತೆಗಳ ಧೂಳು ಮತ್ತು ಸಾಕುನಾಯಿಯ ಕೂದಲು ಫ್ಯಾನಿನ ರೆಕ್ಕೆಗಳಿಗೆ ಮೆತ್ತಿಕೊಂಡಿದ್ದರೆ, ಬ್ಯಾಟರಿ ಉಸಿರುಗಟ್ಟುತ್ತದೆ. ಜಾಲರಿಯನ್ನು ವ್ಯಾಕ್ಯೂಮ್‌ನಿಂದ ಮಾಲೀಕರೇ ತಿಂಗಳಿಗೊಮ್ಮೆ ಶುಚಿಮಾಡಬಹುದು. ಫ್ಯಾನನ್ನು ಬಿಚ್ಚಿ ತೊಳೆಯುವುದು ಮಾತ್ರ ತಿಳಿದವರ ಕೆಲಸ.

ಪಿ0ಎ93 ಬಂದಾಗ ನೋಡಬೇಕಾದ್ದು ಇನ್ವರ್ಟರಿನ ಕೂಲೆಂಟ್ ಪಂಪು. ಇನ್ವರ್ಟರಿಗೆ ಎಂಜಿನ್ನಿನದರಿಂದ ಬೇರೆಯಾದ ಕೂಲೆಂಟ್ ಡಬ್ಬಿಯಿದ್ದು, ಎಂಜಿನ್ ತಣ್ಣಗಿರುವಾಗ ಆ ಡಬ್ಬಿಯ ಮುಚ್ಚಳ ತೆಗೆದು, ಗಾಡಿಯನ್ನು ‘ರೆಡಿ’ ಸ್ಥಿತಿಗೆ ತಂದು ಒಳಗೆ ನೋಡಿದರೆ ದ್ರವ ಕದಡಿದಂತೆ ಸುಳಿಯುತ್ತಿರುವುದು ಕಾಣಬೇಕು. ದ್ರವ ಕನ್ನಡಿಯಂತೆ ನಿಶ್ಚಲವಾಗಿದ್ದರೆ ಪಂಪು ನಿಂತಿದೆ, ಇಲ್ಲವೇ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಇದನ್ನು ಕಡೆಗಣಿಸಿ ಓಡಿಸಿದರೆ ಪಂಪಿನ ಹಲವು ಪಟ್ಟು ಬೆಲೆಯ ಇನ್ವರ್ಟರ್ ಸುಟ್ಟುಹೋಗುತ್ತದೆ. ಕಡಿಮೆಯಾದ ಕೂಲೆಂಟನ್ನು ತುಂಬಲು ನಲ್ಲಿ ನೀರಾಗಲಿ ಬೋರ್‌ವೆಲ್ ನೀರಾಗಲಿ ಸಲ್ಲದು. ತಯಾರಕರು ಹೇಳಿದ ಕೂಲೆಂಟನ್ನೇ ಬಳಸಬೇಕು.

ಮಳೆಗಾಲದಲ್ಲಿ ವೃಷಭಾವತಿ ಉಕ್ಕಿ ಮೈಸೂರು ರಸ್ತೆಗೆ ನೀರು ನುಗ್ಗುವುದನ್ನು ಈ ಭಾಗದವರು ಕಂಡವರೇ. ಸೀಟಿನ ಮಟ್ಟದವರೆಗೆ ನೀರು ನಿಂತಿದ್ದ ಹೈಬ್ರಿಡ್ ಗಾಡಿಯ ಬಟನ್ನನ್ನು ‘ಒಮ್ಮೆ ನೋಡೋಣ’ ಎಂದು ಒತ್ತುವುದು ಅಪಾಯಕಾರಿ. ಬ್ಯಾಟರಿ ಪೆಟ್ಟಿಗೆಯೊಳಗೆ ತೇವ ಸೇರಿದೆಯೇ ಎಂದು ಪರೀಕ್ಷೆಯಾಗುವವರೆಗೆ ಅದನ್ನು ಚಾಲೂ ಮಾಡಬಾರದು. ಇನ್ನು ಇಲಿಗಳು ವೈರಿಂಗನ್ನು ಕಡಿಯುವುದು ಮರಗಿಡಗಳ ನೆರಳಿರುವ ಬಡಾವಣೆಗಳ ಮನೆಮುಂದಿನ ಪಾರ್ಕಿಂಗಿನಲ್ಲಿ ಸಾಮಾನ್ಯ. ಕಡಿದ ತಂತಿ 12 ವೋಲ್ಟಿನದಾದರೆ ಆಟೊ ಎಲೆಕ್ಟ್ರಿಷಿಯನ್ ಬೆಸೆದು ಸರಿಪಡಿಸಬಹುದು. ಕಿತ್ತಳೆ ಬಣ್ಣದ ಹೊದಿಕೆಯ ದಪ್ಪ ಕೇಬಲ್ಲಿಗೆ ಹಲ್ಲಿನ ಗುರುತು ಬಿದ್ದಿದ್ದರೂ ಸಾಕು, ಅದನ್ನು ಟೇಪು ಸುತ್ತಿ ಮುಚ್ಚದೆ ಇಡಿಯಾಗಿ ಬದಲಿಸಬೇಕು.

ದೊಡ್ಡ ಬ್ಯಾಟರಿಯ ಸರದಿ

ಇಷ್ಟೆಲ್ಲ ಮುಗಿದ ಬಳಿಕವೇ ದೊಡ್ಡ ಬ್ಯಾಟರಿಯ ಪರೀಕ್ಷೆಗೆ ಕೈಹಾಕಬೇಕು. ಎನ್‌ಎಕ್ಸ್ 300ಎಚ್‌ನ ಬ್ಯಾಟರಿ ನಿಕಲ್ ಮೆಟಲ್ ಹೈಡ್ರೈಡ್ ಬಗೆಯದು. ಅದರ ಒಂದು ಕೋಶ 1.2 ವೋಲ್ಟ್, ಆರು ಕೋಶ ಸೇರಿ 7.2 ವೋಲ್ಟಿನ ಒಂದು ಮಾಡ್ಯೂಲ್. ಅಂಥ 34 ಮಾಡ್ಯೂಲ್ ಸೇರಿ 244.8 ವೋಲ್ಟ್. ಕಂಪ್ಯೂಟರ್ ಎರಡೆರಡು ಮಾಡ್ಯೂಲನ್ನು ಒಂದು ಬ್ಲಾಕ್ ಎಂದು ಎಣಿಸಿ ಅದರ ವೋಲ್ಟೇಜನ್ನು ಅಳೆಯುತ್ತಿರುತ್ತದೆ. ಗಾಡಿ ಏರು ಹತ್ತುವಾಗ, ಅಂದರೆ ಬ್ಯಾಟರಿಯ ಮೇಲೆ ಭಾರ ಬಿದ್ದಾಗ, ಎಲ್ಲ ಬ್ಲಾಕುಗಳೂ ಸರಿಸಮವಾಗಿ ಇಳಿದು ಒಂದು ಮಾತ್ರ ಉಳಿದವಕ್ಕಿಂತ ಸುಮಾರು 1.2 ವೋಲ್ಟ್ ಕೆಳಗೆ ಬಿದ್ದರೆ, ಅದರಲ್ಲಿ ಒಂದು ಕೋಶ ಸತ್ತಿದೆ ಎಂದು ತರ್ಕಿಸಬಹುದು. ಆದರೆ ಮಾಡ್ಯೂಲುಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳು ಕಿಲುಬು ಹಿಡಿದು ಹಸಿರುಗಟ್ಟಿದಾಗಲೂ ಅಳತೆ ಹೀಗೆಯೇ ಏರುಪೇರಾಗುತ್ತದೆ. ಪಟ್ಟಿಗಳನ್ನು ಉಜ್ಜಿ ಶುಚಿಮಾಡಿ ಅಥವಾ ಬದಲಿಸಿ ಮತ್ತೆ ಅಳೆಯದೆ ಹೊಸ ಬ್ಯಾಟರಿಯ ಮಾತೆತ್ತುವ ಗ್ಯಾರೇಜನ್ನು ನಂಬಬೇಕಾಗಿಲ್ಲ.

ಸತ್ತ ಮಾಡ್ಯೂಲೊಂದನ್ನೇ ಬದಲಿಸಿ ಕೊಡುವ ಅಗ್ಗದ ರಿಪೇರಿಯೂ ಚಾಲ್ತಿಯಲ್ಲಿದೆ. ಒಂದೇ ವಯಸ್ಸಿನ ಉಳಿದ ಮಾಡ್ಯೂಲುಗಳೂ ಅದೇ ದಾರಿಯಲ್ಲಿರುವುದರಿಂದ, ಸೇರಿಸಿದ ಮಾಡ್ಯೂಲಿನ ಸಾಮರ್ಥ್ಯ ಅವುಗಳೊಂದಿಗೆ ಹೊಂದದಿದ್ದರೆ ಕೆಲವೇ ತಿಂಗಳಲ್ಲಿ ಇನ್ನೊಂದು ಕೈಕೊಡುತ್ತದೆ. ಗಾಡಿಯನ್ನು ಬಹುಕಾಲ ಇಟ್ಟುಕೊಳ್ಳುವವರು ಪೂರ್ಣ ಬ್ಯಾಟರಿಯನ್ನೇ ಬದಲಿಸುವುದು ಲೇಸು.

ಈ ಪೆಟ್ಟಿಗೆಯನ್ನು ಮಾಲೀಕರು ತಾವಾಗಿ ತೆರೆಯಲೇಬಾರದು. ತರಬೇತಿ ಪಡೆದ ತಂತ್ರಜ್ಞರು ಸ್ಮಾರ್ಟ್ ಕೀಯನ್ನು ದೂರವಿರಿಸಿ, 12 ವೋಲ್ಟಿನ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಸರ್ವಿಸ್ ಪ್ಲಗ್ ಎಂಬ ಬೀಗವನ್ನು ಎಳೆದು ಜೇಬಿಗಿಟ್ಟುಕೊಂಡು, ಇನ್ವರ್ಟರಿನ ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಇಳಿಯಲು ಕನಿಷ್ಠ ಹತ್ತು ನಿಮಿಷ ಕಾಯುತ್ತಾರೆ. ನಂತರವೂ ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಮುಟ್ಟುತ್ತಾರೆ. ಸಾವಿರ ವೋಲ್ಟ್ ತಡೆಯುವ ರಬ್ಬರ್ ಕೈಗವಸನ್ನು ತೊಡುವ ಮೊದಲು ಅದರ ಬಾಯಿಯನ್ನು ಸುರುಳಿ ಸುತ್ತಿ, ಒಳಗೆ ಸಿಕ್ಕ ಗಾಳಿಯನ್ನು ಬೆರಳುಗಳತ್ತ ಒತ್ತಿ, ಎಲ್ಲಿಯೂ ಸೂಜಿಮೊನೆಯಷ್ಟು ತೂತಿಲ್ಲವೆಂದು ಪರೀಕ್ಷಿಸುತ್ತಾರೆ. ಗ್ಯಾರೇಜಿನ ಯೋಗ್ಯತೆಯನ್ನು ಅಳೆಯಲು ಈ ಕ್ರಿಯೆಯನ್ನು ಗಮನಿಸಿದರೆ ಸಾಕು. ಬ್ರೇಕಿನ ವಿಷಯದಲ್ಲೂ ಎಚ್ಚರ ಬೇಕು: ಹೈಬ್ರಿಡ್ ಬ್ರೇಕಿನ ಎಣ್ಣೆ ಬದಲಿಸಿ ಗಾಳಿ ತೆಗೆಯಲು ಸ್ಕ್ಯಾನರಿನ ನೆರವು ಬೇಕಾಗುವುದರಿಂದ ಪೆಡಲ್ ತುಳಿದು ಗಾಳಿ ಬಿಡಿಸುವ ಹಳೆಯ ಪದ್ಧತಿ ಇಲ್ಲಿ ಸಲ್ಲದು.

ಬಿಡಿಭಾಗಕ್ಕೆ ನಂಬರೇ ಗುರುತು

ಆರ್.ಸಿ.ಯಲ್ಲಿರುವ 17 ಅಕ್ಷರಾಂಕಿಗಳ ಚಾಸಿ ನಂಬರನ್ನು ಕಂಪನಿಯ ಸ್ಪೇರ್ಸ್ ಕೌಂಟರಿನಲ್ಲಿ ಕೊಟ್ಟು, ಬೇಕಾದ ಭಾಗದ ನಂಬರನ್ನು ಬರೆಸಿಕೊಳ್ಳುವುದು ಮೊದಲ ಹೆಜ್ಜೆ. ಟೊಯೋಟ ಮತ್ತು ಲೆಕ್ಸಸ್ ಭಾಗಗಳ ನಂಬರಿನಲ್ಲಿ ಸಾಮಾನ್ಯವಾಗಿ ಐದೈದು ಅಕ್ಷರಾಂಕಿಗಳ ಎರಡು ತುಂಡುಗಳಿದ್ದು, ಮೊದಲ ತುಂಡು ಅದು ಯಾವ ಬಗೆಯ ಭಾಗವೆಂದೂ ಎರಡನೆಯದು ಯಾವ ಮಾದರಿಗೆ ಸೇರಿದ್ದೆಂದೂ ಹೇಳುತ್ತದೆ; ಉದಾಹರಣೆಗೆ ಜಿ9020 ಎಂದು ಆರಂಭವಾದರೆ ಅದು ಇನ್ವರ್ಟರ್ ಪಂಪು. ಹಳೆಯ ನಂಬರು ರದ್ದಾಗಿ ಹೊಸ ನಂಬರಿನಲ್ಲಿ ಅದೇ ಭಾಗ ಬರುತ್ತಿರಬಹುದಾದ್ದರಿಂದ, ‘ಸ್ಟಾಕ್ ಇಲ್ಲ’ ಎಂಬ ಉತ್ತರ ಬಂದಾಗ ಬದಲಿ ನಂಬರಿದೆಯೇ ಎಂದು ಕೇಳಲೇಬೇಕು.

ನಂಬರ್ ಕೈಗೆ ಬಂದರೆ ಹುಡುಕಾಟದ ದಾರಿ ಅಗಲವಾಗುತ್ತದೆ. ಎನ್‌ಎಕ್ಸ್ 300ಎಚ್ ಮತ್ತು ಬಿಡದಿಯಲ್ಲಿ ಜೋಡಣೆಯಾದ 2013ರ ನಂತರದ ಕ್ಯಾಮ್ರಿ ಹೈಬ್ರಿಡ್ ಎರಡರಲ್ಲೂ ಇರುವುದು 2.5 ಲೀಟರಿನ 2ಎಆರ್-ಎಫ್‌ಎಕ್ಸ್‌ಇ ಎಂಜಿನ್ನೇ ಆದ್ದರಿಂದ, ಎಂಜಿನ್ನಿಗೆ ಸಂಬಂಧಿಸಿದ ಹಲವು ಭಾಗಗಳು ಕ್ಯಾಮ್ರಿಯ ಹೆಸರಿನಲ್ಲಿ ಕಡಿಮೆ ಕಾಯುವಿಕೆಗೆ ಸಿಗುವ ಸಾಧ್ಯತೆಯಿದೆ. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಒಂದೇ ಭಾಗಕ್ಕೆ ಎರಡು ಕಂಪನಿಗಳ ಕೌಂಟರಿನಲ್ಲೂ ದರ ವಿಚಾರಿಸಬೇಕು.

ಬುಷ್, ಬೇರಿಂಗ್, ಬ್ರೇಕ್ ಪ್ಯಾಡ್, ಫಿಲ್ಟರ್‌ಗಳಂಥ ಹೈಬ್ರಿಡ್‌ಗೇ ಮೀಸಲಲ್ಲದ ವಸ್ತುಗಳಿಗೆ ಜೆ.ಸಿ. ರಸ್ತೆಯ ಅಂಗಡಿಗಳು ಸಾಕು. ಮುರಿದ ಬ್ರಾಕೆಟ್, ಸವೆದ ಬುಷ್ಷಿನ ಹೊರಕವಚದಂಥ ಸಣ್ಣ ಲೋಹದ ಕೆಲಸವನ್ನು ಕಾಮಾಕ್ಷಿಪಾಳ್ಯ, ಪೀಣ್ಯದ ಲೇಥ್ ಅಂಗಡಿಗಳಲ್ಲಿ ಮಾಡಿಸಬಹುದು. ಶಿವಾಜಿನಗರದ ಗುಜರಿಯಲ್ಲಿ ಬಾಗಿಲು, ದೀಪ, ಕನ್ನಡಿ ಕೊಳ್ಳಬಹುದಾದರೂ, ಬಿಲ್ ಇಲ್ಲದ ಮಾಲನ್ನು ಮುಟ್ಟಬಾರದು. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಅಪರಾಧ. ಇನ್ವರ್ಟರ್, ಬ್ರೇಕ್ ಆಕ್ಚುಯೇಟರ್, ದೊಡ್ಡ ಬ್ಯಾಟರಿಗಳನ್ನು ಇತಿಹಾಸ ತಿಳಿಯದ ಗಾಡಿಯಿಂದ ಕೊಳ್ಳುವುದು ಉಳಿತಾಯವಲ್ಲ.

ಹೊಸ ಭಾಗದ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ತಿಂಗಳು ಮತ್ತು ವರ್ಷ, ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ ಮುದ್ರಿತವಾಗಿರಬೇಕು. ಚೀಟಿಯ ಮೇಲೆ ಚೀಟಿ ಅಂಟಿಸಿದ್ದರೆ ಕಾರಣ ಕೇಳಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 18ಕ್ಕೆ ಇಳಿದಿರುವುದರಿಂದ, ಹಳೆಯ ಶೇ 28ರ ದರದಲ್ಲಿ ಅಂದಾಜು ಪಟ್ಟಿ ಕೊಟ್ಟಿದ್ದರೆ ತಿದ್ದಿಸಿಕೊಳ್ಳಬೇಕು. ಬಿಲ್ಲಿನಲ್ಲಿ ಭಾಗದ ನಂಬರ್, ಗಾಡಿಯ ನೋಂದಣಿ ಸಂಖ್ಯೆ ಮತ್ತು ವಾರಂಟಿಯ ಅವಧಿ ಬರೆಸಿಕೊಳ್ಳುವುದು ಮುಂದಿನ ತಕರಾರಿಗೆ ಆಧಾರವಾಗುತ್ತದೆ.

ಕಳಚಿದ ಬ್ಯಾಟರಿ

ಬದಲಾಯಿಸಿದ ದೊಡ್ಡ ಬ್ಯಾಟರಿಯಲ್ಲಿ ಇನ್ನೂ ವಿದ್ಯುತ್ತೂ ಕ್ಷಾರವೂ ಉಳಿದಿರುವುದರಿಂದ ಅದನ್ನು ಮನೆಯ ಶೆಡ್ಡಿನಲ್ಲಿ ಇಡಬಾರದು, ತೂಕದ ಲೆಕ್ಕದಲ್ಲಿ ಗುಜರಿಗೂ ಹಾಕಬಾರದು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಯನ್ನು ಹಿಂಪಡೆದು ಮರುಬಳಕೆಗೆ ಕಳುಹಿಸುವ ಹೊಣೆಯನ್ನು ತಯಾರಕರ ಮತ್ತು ಆಮದುದಾರರ ಮೇಲೆ ಹೊರಿಸಿವೆ. ಆದ್ದರಿಂದ ಹೊಸ ಬ್ಯಾಟರಿಗೆ ದರ ಮಾತಾಡುವಾಗಲೇ ಹಳೆಯದನ್ನು ಯಾರು ಒಯ್ಯುತ್ತಾರೆ, ಅದಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಅಂದಾಜು ಪಟ್ಟಿಯಲ್ಲೇ ಬರೆಸಿಕೊಂಡು, ಹಳೆಯ ಬ್ಯಾಟರಿಯ ಸೀರಿಯಲ್ ನಂಬರಿರುವ ಸ್ವೀಕೃತಿ ಪತ್ರವನ್ನು ಪಡೆದು ಸರ್ವಿಸ್ ದಾಖಲೆಗಳೊಂದಿಗೆ ಇಟ್ಟುಕೊಳ್ಳಬೇಕು.