ಕಡತಕ್ಕೆ ನೀರು ತಾಗಿಸಬೇಡಿ

ಪ್ರಶ್ನೆ: ನಮ್ಮೂರ ಗ್ರಂಥಾಲಯದಲ್ಲಿರುವ ಹಳೆಯ ಬಟ್ಟೆಯ ಕಡತಕ್ಕೆ ದೂಳು ಹಿಡಿದಿದೆ. ಒಗೆಯಬಹುದೇ?

ಉತ್ತರ: ಖಂಡಿತ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಬೇಡ. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಬೆರೆಸಿ ಬಳಿದ ಬಟ್ಟೆ ಅದು. ಮೇಲಿನ ಬರಹ ಬಳಪದ್ದು. ನೀರು ಬಿದ್ದರೆ ಅಂಟು ಸಡಿಲವಾಗುತ್ತದೆ, ಬೆರಳು ಉಜ್ಜಿದರೂ ಅಕ್ಷರ ಅಳಿಯುತ್ತದೆ.

ಮೊದಲು ಸಲೀಸಾಗಿ ಬಿಚ್ಚಿಕೊಳ್ಳುವ ಮಡಿಕೆಗಳ ಫೋಟೊ ತೆಗೆಯಿರಿ. ಗಡುಸಾದವನ್ನು ಬಲವಂತದಿಂದ ಬಿಡಿಸಬೇಡಿ. ನಡುವೆ ನುಣುಪಾದ ಆಮ್ಲರಹಿತ ಕಾಗದವಿಟ್ಟು, ಪೆಟ್ಟಿಗೆಯಲ್ಲಿ ಮಲಗಿಸಿಡಿ. ಮೇಲೆ ಭಾರ ಹೇರಬೇಡಿ.

ಹುಣಸೆಯ ಅಂಟು ಜಿರಳೆ, ಬೆಳ್ಳಿಹುಳುಗಳಿಗೆ ಹಬ್ಬದೂಟ. ಮಳೆಗಾಲದಲ್ಲಿ ಆಗಾಗ ಪರೀಕ್ಷಿಸಿ. ಬೂಷ್ಟು ಕಂಡರೆ ಬಿಸಿಲಿಗೆ ಹಾಕದೆ, ಬೇರೆಯಾಗಿರಿಸಿ ಸಂರಕ್ಷಣಾ ತಜ್ಞರನ್ನು ಕರೆಸಿ. ಪ್ರದರ್ಶನಕ್ಕಿಟ್ಟರೆ ಬೆಳಕು 50 ಲಕ್ಸ್ ಮೀರದಿರಲಿ.